ಬೆರಕೆ ದಾಂಡಿನ ಪೂರ್ವೋತ್ತರ

ಗಾಲ್ಫ್ ಆಟವನ್ನು ಕುರಿತು ಕನ್ನಡದಲ್ಲಿ ನಾಲ್ಕು ಮಾತು ಬರೆಯಹೊರಟವನಿಗೆ ಮೊದಲು ಅಡ್ಡ ನಿಲ್ಲುವುದು ಅದರ ಪರಿಭಾಷೆ. ಚೆಂಡು ನಮ್ಮದೇ. ಕುಳಿಯೂ ನಮ್ಮದೇ, ಬಾಲ್ಯದಲ್ಲಿ ಗೋಲಿಯಾಡಿದವರೆಲ್ಲ ಅದನ್ನು ಬಲ್ಲರು. ಕ್ಲಬ್ ಎಂಬುದನ್ನು ದಾಂಡು ಎಂದರೆ ಚಿಣ್ಣಿದಾಂಡಿನ ನೆನಪಿನಿಂದ ಅರ್ಥ ತಾನಾಗಿಯೇ ಹೊಳೆಯುತ್ತದೆ. ಆದರೆ ಫೇರ್‌ವೇ, ಬಂಕರ್, ಬೋಗಿ, ಪಾರ್ ಮುಂತಾದವನ್ನು ಏನು ಮಾಡುವುದು? ಅನುವಾದಿಸಿದರೆ ಆಟ ಬಲ್ಲವರಿಗೆ ತಿಳಿಯದು. ಹಾಗೆಯೇ ಬಿಟ್ಟರೆ ಉಳಿದವರಿಗೆ ತಿಳಿಯದು. ಈ ಪರದೇಶಿ ಮಾತುಗಳ ಗುಂಪಿನಲ್ಲಿ ಒಂದಕ್ಕೆ ಮಾತ್ರ ನಮ್ಮ ಹಳ್ಳಿಗಳಲ್ಲಿ ಆಗಲೇ ಮನೆಯುಂಟು. ಅದು ಹೈಬ್ರಿಡ್ ಎಂಬ ಮಾತು.

ಮರದ ದಾಂಡಿಗೂ ಕಬ್ಬಿಣದ ದಾಂಡಿಗೂ ಬೆರಕೆಯಾಗಿ ಹುಟ್ಟಿದ ಒಂದು ದಾಂಡಿಗೆ ಈಗ ಈ ಹೆಸರು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಬೆರಕೆಯ ವಿಚಾರವೆತ್ತಿ ನೋಡಿ. ಗೂಡು ತಂದ ರೈತ ನಿಮಗೆ ಪಾಠವನ್ನೇ ಹೇಳಿಯಾನು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬೈವೋಲ್ಟೀನ್ ತಳಿಯ ಗಂಡನ್ನು ಕೂಡಿಸಿದರೆ ತಾಯಿಯ ಕಡೆಯಿಂದ ನಮ್ಮ ಬಿಸಿಲನ್ನು ತಾಳುವ ಗಟ್ಟಿತನ ಬರುತ್ತದೆ. ತಂದೆಯ ಕಡೆಯಿಂದ ಉದ್ದನೆಯ ಎಳೆ ಬರುತ್ತದೆ. ರಾಗಿಯ ಮಾತೂ ಹಾಗೆಯೇ. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಪಡೆದರು. ಹೆಸರಿನಲ್ಲಿಯೇ ಎರಡು ಖಂಡಗಳ ಮೊದಲಕ್ಷರಗಳಿವೆ. ಬೆರಕೆ ಎಂದರೆ ಕಲಬೆರಕೆಯಲ್ಲ ಎಂಬುದನ್ನು ಈ ಸೀಮೆಯ ಒಕ್ಕಲುಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಲ್ಫ್ ಆಡುವ ಮಹನೀಯರಿಗೆ ಮಾತ್ರ ಅದು ತಡವಾಗಿ ತಿಳಿಯಿತು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವನಹಳ್ಳಿಯಿಂದ ನಂದಿಬೆಟ್ಟದ ಕಡೆಗೆ ಹೋಗುವಾಗ, ಕುಂದಾಣ ಹೋಬಳಿಯ ಕಾರಹಳ್ಳಿಯ ಬಳಿ, ಪ್ರೆಸ್ಟೀಜ್ ಗಾಲ್ಫ್‌ಶೈರ್ ಎಂಬ ಬಡಾವಣೆಯ ನಡುವೆ 18 ಕುಳಿಗಳ ಮೈದಾನವೊಂದಿದೆ. ಇಡೀ ಬಡಾವಣೆ ಸುಮಾರು 275 ಎಕರೆ. ಸುತ್ತಲೂ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ; ನಡುವೆ ಯಾರೋ ಸ್ಕಾಟ್ಲೆಂಡಿನಿಂದ ಸುತ್ತಿ ತಂದು ಹಾಸಿದಂತಹ ಹಸುರು. ಹೊಳೆಯಿಲ್ಲದ ಸೀಮೆಯಲ್ಲಿ ಅಷ್ಟು ಹುಲ್ಲಿಗೆ ನೀರುಣಿಸುವುದು ಸರಿಯೆ ಎಂಬುದು ಬೇರೆಯ ಚರ್ಚೆ. ಅದನ್ನು ನಾನು ಮರೆತವನಲ್ಲ. ಆದರೆ ಇಂದಿನ ಮಾತು ದಾಂಡಿನದು. ಪರಿಚಯದ ನಿವೃತ್ತ ಎಂಜಿನಿಯರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಅವರ ಚೆಂಡು ಹುಲ್ಲಿನಲ್ಲಿ ತುಸು ಹುದುಗಿ ಕುಳಿತಿತ್ತು, ಮುಂದೆ ನೀರು, ನೀರಿನಾಚೆ ಬಾವುಟ. ಚೀಲ ಹೊತ್ತಿದ್ದ ಕ್ಯಾಡಿ ಹುಡುಗ, ಆ ಕಡೆಯ ಹಳ್ಳಿಯವನೇ, “ಐರನ್ ಬ್ಯಾಡ ಸಾರ್, ಹೈಬ್ರಿಡ್ ಕೊಡ್ಲಾ?” ಎಂದು ಮೆಲ್ಲಗೆ ಕೇಳಿದ. ದೊಡ್ಡವರ ಮುಖ ಬಿಗಿಯಿತು. “ಅದು ಮುದುಕರ ದಾಂಡಪ್ಪ” ಎಂದರು. ಅವರಿಗೆ ಆಗ 68 ವರ್ಷ. ಮೂರನೆಯ ನಂಬರಿನ ಕಬ್ಬಿಣವನ್ನೇ ಹಿಡಿದು ಬೀಸಿದರು. ಚೆಂಡು ಒಂದು ಮಾರು ಎತ್ತರಕ್ಕೂ ಏಳದೆ ಹೋಗಿ ನೀರಿನಲ್ಲಿ ಗುಳುಂ ಎಂದಿತು. ಹುಡುಗ ಏನೂ ಹೇಳಲಿಲ್ಲ. ಚೀಲದಿಂದ ಇನ್ನೊಂದು ಚೆಂಡು ತೆಗೆದುಕೊಟ್ಟ.

ಈ ಬಿಗುಮಾನ ಎಲ್ಲಿಂದ ಬಂತು? ಅದನ್ನು ತಿಳಿಯಬೇಕಾದರೆ ಮರಕ್ಕೂ ಕಬ್ಬಿಣಕ್ಕೂ ಆದ ಹಳೆಯ ವ್ಯಾಜ್ಯವನ್ನು ಕೆದಕಬೇಕು.

ಈ ಆಟ ಸ್ಕಾಟ್ಲೆಂಡಿನದು. 1457ರಷ್ಟು ಹಿಂದೆಯೇ ಅಲ್ಲಿಯ ದೊರೆ ಎರಡನೆಯ ಜೇಮ್ಸನ ಕಾಲದಲ್ಲಿ, ಜನ ಬಿಲ್ವಿದ್ಯೆಯನ್ನು ಬಿಟ್ಟು ಚೆಂಡಿನ ಹಿಂದೆ ಬಿದ್ದರೆಂದು ಇದನ್ನು ನಿಷೇಧಿಸಿದ್ದುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಚೆಂಡೆಂದರೆ ಹಕ್ಕಿಯ ಗರಿಯನ್ನು ಗಿಡಿದು ಹೊಲಿದ ಚರ್ಮದ ಚೀಲ. ಅದು ದುಬಾರಿ, ನೆನೆದರೆ ಕೆಡುವುದು, ಕಬ್ಬಿಣ ತಾಗಿದರಂತೂ ಹರಿದೇ ಹೋಗುವುದು. ಆದುದರಿಂದ ದಾಂಡುಗಳಲ್ಲಿ ಬಹುಪಾಲು ಮರದವೇ ಆಗಿದ್ದವು. ಬಂಡಿಯ ಜಾಡಿನಲ್ಲಿ ಸಿಕ್ಕಿಕೊಂಡ ಚೆಂಡನ್ನು ಎಬ್ಬಿಸುವಂತಹ ಒರಟು ಕೆಲಸಕ್ಕೆ ಮಾತ್ರ ಒಂದೆರಡು ಕಬ್ಬಿಣ. ಚೆಂಡನ್ನು ಎತ್ತರಕ್ಕೆ ಎತ್ತಿ ಕುಳಿಯ ಬಳಿ ಮೆತ್ತಗೆ ಇಳಿಸುವುದಕ್ಕೂ ಮರದ್ದೇ ಒಂದು ದಾಂಡಿತ್ತು. ಗಿಡ್ಡ ಹಿಡಿ, ಪುಟ್ಟ ತಲೆ, ಮುಖ ಚೆನ್ನಾಗಿ ಹಿಂದಕ್ಕೆ ಓರೆಯಾದದ್ದು. ಬ್ಯಾಫಿ ಎಂದು ಅದರ ಹೆಸರು. ವಾಚಕರು ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಬೇಕು.

1848ರ ಸುಮಾರಿಗೆ ಮಲಯದ ಕಾಡಿನ ಗಟಾಪರ್ಚ ಎಂಬ ಮರದ ಹಾಲಿನಿಂದ ಗಟ್ಟಿ ಚೆಂಡು ಮಾಡುವುದನ್ನು ಕಂಡುಹಿಡಿದರು. ಅಗ್ಗ, ಬಾಳಿಕೆ, ಕಬ್ಬಿಣದ ಪೆಟ್ಟಿಗೆ ಜಗ್ಗದು. ಪೂರ್ವದೇಶದ ಒಂದು ಮರದ ಅಂಟು ಪಶ್ಚಿಮದ ಆಟವೊಂದರ ಆಯುಧಶಾಲೆಯನ್ನೇ ಬುಡಮೇಲು ಮಾಡಿತೆನ್ನಬಹುದು. ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ ಆ ಕಾಲದ ಅಗ್ರಗಣ್ಯ ಆಟಗಾರ. ಅವನ ಕಸಬು ಗರಿಚೆಂಡು ಹೊಲಿಯುವುದು. ಹೊಸ ಚೆಂಡನ್ನು ಮೊದಲು ಹಗೆಯಂತೆ ಕಂಡ. ಆದರೆ ಕುಳಿಯ ಕಡೆಗೆ ಚೆಂಡನ್ನು ಉರುಳಿಸಿ ಓಡಿಸುವುದಕ್ಕೆ ಬ್ಯಾಫಿಯನ್ನು ಬಿಟ್ಟು ಕ್ಲೀಕ್ ಎಂಬ ಸಪೂರ ಕಬ್ಬಿಣವನ್ನು ಹಿಡಿಯುವ ಪದ್ಧತಿಯನ್ನು ಬಳಕೆಗೆ ತಂದವನು ಅವನೇ ಎಂದು ಪ್ರತೀತಿ. 1859ರಲ್ಲಿ ಅವನು ತೀರಿಕೊಂಡ. ಮುಂದಿನ ತಲೆಮಾರಿಗೆ ಕಬ್ಬಿಣವೇ ಮಾದರಿಯಾಯಿತು. ಬ್ಯಾಫಿ ಮೂಲೆ ಸೇರಿತು.

ಬೆಂಗಳೂರಿಗೆ ಈ ಆಟ ಬಂದುದು ಗಟ್ಟಿ ಚೆಂಡಿನ ಕಾಲದಲ್ಲಿ. ದಂಡಿನ ಪ್ರದೇಶದ ಬಿಳಿಯರು ಬೆಂಗಳೂರು ಗಾಲ್ಫ್ ಕ್ಲಬ್ಬನ್ನು ಸ್ಥಾಪಿಸಿದ್ದು 1876ರಲ್ಲಿ. ಕಲ್ಕತ್ತೆಯ ಕ್ಲಬ್ಬು 1829ರದು; ಅದನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇಷ್ಟು ಹಳೆಯವು ಬಹಳ ಇಲ್ಲ. ಇಂದು ಹೈಗ್ರೌಂಡ್ಸ್ ಕಡೆಯಿಂದ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಅದರ ಮರಗಳು ಮಾತ್ರ ಕಾಣುತ್ತವೆ. ಆ ಕಾಲದ ದಾಂಡಿನ ಕಾವು ಅಮೆರಿಕದ ಹಿಕರಿ ಮರದ್ದು. ಕೊಂಚ ಕಾಲದ ಮೇಲೆ ತಲೆಗೆ ಪರ್ಸಿಮನ್ ಎಂಬ ಮರ ರೂಢಿಗೆ ಬಂತು. ಪರ್ಸಿಮನ್ನು ನಮಗೆ ತೀರ ಅಪರಿಚಿತವಲ್ಲ. ಬೀಡಿಯ ಎಲೆ ಕೊಡುವ ನಮ್ಮ ಕಾಡಿನ ಮರಕ್ಕೆ ಅದು ಒಂದೇ ಕುಲದ ದಾಯಾದಿ.

ಆಗಿನ ದಾಂಡುಗಳಿಗೆ ಮ್ಯಾಶಿ, ನಿಬ್ಲಿಕ್, ಬ್ರ್ಯಾಸಿ, ಸ್ಪೂನ್ ಎಂದು ಮುದ್ದಾದ ಹೆಸರುಗಳಿದ್ದವು. ಉಕ್ಕಿನ ಕಾವು ಬಂದು ಆ ಹೆಸರುಗಳನ್ನು ನುಂಗಿತು. ಅಮೆರಿಕದವರು 1924ರಲ್ಲಿಯೂ ಸೇಂಟ್ ಆಂಡ್ರೂಸಿನವರು 1929ರಲ್ಲಿಯೂ ಉಕ್ಕಿಗೆ ಒಪ್ಪಿಗೆಯಿತ್ತರು. ಕಾರ್ಖಾನೆಗಳು ದಾಂಡುಗಳನ್ನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಕಟ್ಟುಕಟ್ಟಾಗಿ ಮಾರತೊಡಗಿದವು. ಚೀಲ ಊದಿತು, 25ಕ್ಕೂ ಮಿಕ್ಕಿ ದಾಂಡುಗಳನ್ನು ಹೊರಿಸಿಕೊಂಡು ತಿರುಗಿದ ಆಟಗಾರರುಂಟು. ಕಡೆಗೆ 1938ರಲ್ಲಿ ಅಮೆರಿಕವೂ ಮರುವರ್ಷ ಸೇಂಟ್ ಆಂಡ್ರೂಸೂ 14ಕ್ಕಿಂತ ಹೆಚ್ಚು ಕೂಡದೆಂದು ಕಟ್ಟುಮಾಡಿದವು. ಚೀಲ ಹೊರುವ ಹುಡುಗರ ಬೆನ್ನು ಅಂದು ನಿಟ್ಟುಸಿರು ಬಿಟ್ಟಿರಬೇಕು. ಹೈಬ್ರಿಡ್ಡಿನ ಕಥೆಗೂ ಈ 14ರ ಕಟ್ಟು ಮುಖ್ಯ. ಹೊಸದೊಂದು ದಾಂಡು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು.

ಹೊರಗೆ ಹೋಗಬೇಕಾದವು ಯಾವುವು? ಉದ್ದ ಕಬ್ಬಿಣಗಳು. ಒಂದರಿಂದ ನಾಲ್ಕರವರೆಗಿನ ಅಂಕಿಯವು. ಮೂರನೆಯ ನಂಬರಿನ ಮುಖದ ಓರೆ ಸುಮಾರು 20 ಡಿಗ್ರಿ. ಅಲಗು ತೆಳು, ತೂಕವೆಲ್ಲ ಮುಖದ ಬೆನ್ನಿಗೇ ಅಂಟಿದೆ, ಚೆಂಡಿಗೆ ತಾಗಬೇಕಾದ ಜಾಗ ಎಂಟಾಣೆಯಷ್ಟು ಅಗಲ. ಬೀಸಿನಲ್ಲಿ ಬಿರುಸಿದ್ದರೆ ಚೆಂಡು ಗಿಡುಗನ ಹಾಗೆ ಹೋಗುತ್ತದೆ. ಇಲ್ಲದಿದ್ದರೆ ಏಳುವುದೇ ಇಲ್ಲ. ಬೆನ್ ಹೋಗನ್ ಎಂಬ ಅಮೆರಿಕದ ಆಟಗಾರ 1949ರಲ್ಲಿ ಮೋಟಾರು ಅಪಘಾತದಲ್ಲಿ ಮೈಮೂಳೆ ನುಚ್ಚುನೂರಾಗಿ, ಮರುವರ್ಷ ಮೆರಿಯನ್ನಿನಲ್ಲಿ ಅಮೆರಿಕದ ಓಪನ್ ಪಂದ್ಯದ ಕೊನೆಯ ಕುಳಿಯಲ್ಲಿ ಒಂದನೆಯ ಕಬ್ಬಿಣವನ್ನು ಬೀಸಿ ನಿಂತ ಚಿತ್ರವನ್ನು ಗಾಲ್ಫ್ ಬಲ್ಲವರೆಲ್ಲ ಕಂಡಿರುತ್ತಾರೆ. ಬೆನ್ನು ಮಾತ್ರ ಕಾಣುವ ಆ ಚಿತ್ರ ನೋಡಿ ಎಷ್ಟು ಸಾಮಾನ್ಯ ಆಟಗಾರರು ಉದ್ದ ಕಬ್ಬಿಣ ಕೊಂಡು ಹಾಳಾದರೋ ಲೆಕ್ಕವಿಟ್ಟವರಿಲ್ಲ. ನಮ್ಮ ಎಂಜಿನಿಯರ ಬಿಗುಮಾನದ ಬೇರು ಇಲ್ಲಿದೆ. ಹೋಗನ್ನನ ಕೈಯಲ್ಲಿ ಅದು ಅಸ್ತ್ರ. ಉಳಿದವರು ಹಿಡಿದುಕೊಂಡದ್ದು ಅಸ್ತ್ರದ ಹೆಸರನ್ನು.

ಪರಿಹಾರ ಬಂದದ್ದು ವಿಜ್ಞಾನಕ್ಕಿಂತ ಹೆಚ್ಚಾಗಿ ಕನಿಕರದಿಂದ ಎಂದು ನನಗೆ ತೋರುತ್ತದೆ. ಆಸ್ಟ್ರೇಲಿಯದಿಂದ ಅಮೆರಿಕಕ್ಕೆ ಹೋಗಿ ಕೋಬ್ರ ಎಂಬ ಸಂಸ್ಥೆಯನ್ನು ಕಟ್ಟಿದ ಥಾಮಸ್ ಕ್ರೋ, 1975ರಲ್ಲಿ, ಹುಲ್ಲಿನಿಂದಲೂ ಕೆಟ್ಟ ನೆಲದಿಂದಲೂ ಚೆಂಡನ್ನು ಎಬ್ಬಿಸಬಲ್ಲ ಗಿಡ್ಡ ಮರದ ದಾಂಡೊಂದನ್ನು ಮಾಡಿ ಅದಕ್ಕೆ ಬ್ಯಾಫ್ಲರ್ ಎಂದು ಹೆಸರಿಟ್ಟ. ನಾನು ನೆನಪಿಡಿರೆಂದ ಹೆಸರು ಇದೋ ಬಂತು. ನೂರು ವರ್ಷ ಮೂಲೆಯಲ್ಲಿ ಬಿದ್ದಿದ್ದ ಬ್ಯಾಫಿ ಹೊಸ ಅಂಗಿ ತೊಟ್ಟು ಎದ್ದಿತು. 1979ರಲ್ಲಿ ಗ್ಯಾರಿ ಆಡಮ್ಸನ ಟೇಲರ್‌ಮೇಡ್ ಸಂಸ್ಥೆ ಮರದ ತಲೆಯ ಬದಲು ಟೊಳ್ಳು ಉಕ್ಕಿನ ತಲೆಯನ್ನು ಪೇಟೆಗೆ ತಂದಿತು. ಟೊಳ್ಳಾದ ಮೇಲೆ ತೂಕವನ್ನು ಬೇಕಾದ ಕಡೆ ಇಡಬಹುದು. ಕೆಳಗೆ ಇಟ್ಟರು, ಹಿಂದಕ್ಕೆ ಇಟ್ಟರು. ಭಾರ ಚೆಂಡಿನ ನಡುವಿಗಿಂತ ಕೆಳಗಿದ್ದರೆ ಚೆಂಡು ಮೇಲೇಳುತ್ತದೆ. ಹಿಂದಕ್ಕಿದ್ದರೆ ಪೆಟ್ಟು ತುಸು ಓರೆಯಾದರೂ ತಲೆ ತಿರುಚಿಕೊಳ್ಳುವುದಿಲ್ಲ. ಅಗಲವಾದ ತಳ ಹುಲ್ಲನ್ನು ಅಗೆಯದೆ ಜಾರಿಕೊಂಡು ಹೋಗುತ್ತದೆ. ಕಾವು ಮಾತ್ರ ಕಬ್ಬಿಣದ್ದಕ್ಕೆ ಹತ್ತಿರದ ಅಳತೆ. ಗಿಡ್ಡವಾದುದರಿಂದ ಗುರಿ ಕೈಯಲ್ಲಿರುತ್ತದೆ. ಇದೇ ಬೆರಕೆಯ ಗುಟ್ಟು. ವಿಜಯಪುರದ ಗೂಡಿನ ಲೆಕ್ಕದಲ್ಲಿ ಹೇಳುವುದಾದರೆ ತಲೆ ತಾಯಿಯದು, ಕಾವು ತಂದೆಯದು. 1995ರಲ್ಲಿ ಇನ್ನೊಬ್ಬ ಆಡಮ್ಸ್, ಬಾರ್ನಿ ಆಡಮ್ಸ್, ಟೈಟ್ ಲೈಸ್ ಎಂಬ ಚಪ್ಪಟೆ ತಲೆಯ ದಾಂಡು ಮಾರಿ ಹೆಸರು ಮಾಡಿದ. ಈ ಶತಮಾನದ ಮೊದಲ ವರ್ಷಗಳಲ್ಲಿ ಹೈಬ್ರಿಡ್ ಎಂಬ ಹೆಸರೇ ನಿಂತಿತು.

ದೊಡ್ಡವರು ಹಿಡಿದ ಮೇಲೆ ಚಿಕ್ಕವರಿಗೆ ನಾಚಿಕೆ ಹೋಗುತ್ತದೆ. 2004ರಲ್ಲಿ ಟ್ರೂನ್ ಎಂಬಲ್ಲಿ ನಡೆದ ಬ್ರಿಟಿಷ್ ಓಪನ್ನಿನಲ್ಲಿ ಅಷ್ಟೇನೂ ಹೆಸರಿಲ್ಲದ ಟಾಡ್ ಹ್ಯಾಮಿಲ್ಟನ್, ಅರ್ನಿ ಎಲ್ಸ್‌ನಂಥವನನ್ನು ಹೆಚ್ಚುವರಿ ಕುಳಿಗಳಲ್ಲಿ ಸೋಲಿಸಿದ. ದೂರ ಹೊಡೆಯಲೆಂದು ಮಾಡಿದ ಹೈಬ್ರಿಡ್ಡನ್ನು ಅವನು ಕುಳಿಯ ಹತ್ತಿರ ಚೆಂಡನ್ನು ನೂಕಿ ಉರುಳಿಸುವುದಕ್ಕೆ ಬಳಸಿದ್ದು ಎಲ್ಲರನ್ನೂ ಬೆರಗುಗೊಳಿಸಿತು. ರಾಬರ್ಟ್‌ಸನ್ ಬ್ಯಾಫಿಯಿಂದ ಕಿತ್ತುಕೊಂಡ ಕೆಲಸವನ್ನು ಹ್ಯಾಮಿಲ್ಟನ್ ಅದರ ಮೊಮ್ಮಗನಿಗೆ ಮರಳಿಸಿದಂತಾಯಿತು. 2009ರಲ್ಲಿ ಕೊರಿಯದ ವೈ. ಇ. ಯಾಂಗ್ ಅಮೆರಿಕದ ಪಿ. ಜಿ. ಎ. ಪಂದ್ಯದ ಕೊನೆಯ ಕುಳಿಯಲ್ಲಿ ಸುಮಾರು 200 ಗಜ ದೂರದಿಂದ ಹೈಬ್ರಿಡ್ ಬೀಸಿ ಚೆಂಡನ್ನು ಬಾವುಟದ ಮಗ್ಗುಲಿಗೆ ಇಳಿಸಿದ. ಎದುರಾಳಿ ಟೈಗರ್ ವುಡ್ಸ್. ಕೊನೆಯ ದಿನ ಮುಂದಿದ್ದು ಇಂಥ ದೊಡ್ಡ ಪಂದ್ಯವನ್ನು ಅವನು ಅಂದಿನವರೆಗೆ ಸೋತವನಲ್ಲ. ಪುರುಷರ ನಾಲ್ಕು ಮಹಾಪಂದ್ಯಗಳಲ್ಲಿ ಒಂದನ್ನು ಗೆದ್ದ ಮೊದಲ ಏಷ್ಯದವನು ಯಾಂಗ್.

ಇಷ್ಟು ಪುರಾಣ ಕೇಳಿದ ಆಟಗಾರ, “ಸ್ವಾಮಿ, ನನ್ನ ಆಟ ಸುಧಾರಿಸುವ ಬಗೆ ಹೇಳಿ” ಎಂದು ಕೇಳಿಯಾನು. ಬಲ್ಲವರಿಂದ ಕೇಳಿ ತಿಳಿದುದನ್ನು ಹೇಳುತ್ತೇನೆ. ಹೈಬ್ರಿಡ್ಡಿನ ರೂಪ ಮರದ ದಾಂಡಿನಂತಿರುವುದರಿಂದ ಜನ ಅದನ್ನು ಕಸ ಗುಡಿಸಿದ ಹಾಗೆ ಬೀಸುತ್ತಾರೆ. ಚೆಂಡನ್ನು ಗೋರಿ ಎತ್ತಲು ಹೋಗುತ್ತಾರೆ. ಅದು ತಪ್ಪು. ಕಬ್ಬಿಣವನ್ನು ಹೊಡೆಯುವಂತೆಯೇ ತುಸು ಮೇಲಿನಿಂದ ಕೆಳಕ್ಕೆ ಹೊಡೆಯಬೇಕು; ಎತ್ತುವ ಕೆಲಸ ದಾಂಡಿನದು, ನಿಮ್ಮದಲ್ಲ. ಚೆಂಡನ್ನು ಎರಡು ಪಾದಗಳ ನಟ್ಟನಡುವೆ ಇಡದೆ ಮುಂದಿನ ಪಾದದ ಕಡೆಗೆ ಒಂದೆರಡು ಚೆಂಡಿನಷ್ಟು ಸರಿಸಿ ನಿಲ್ಲಬೇಕು. ಅಂಕಿಯನ್ನು ನಂಬಬಾರದು. ನಾಲ್ಕನೆಯ ಹೈಬ್ರಿಡ್ಡು ನಾಲ್ಕನೆಯ ಕಬ್ಬಿಣಕ್ಕಿಂತ ದೂರ ಹೋಗುವುದೇ ಹೆಚ್ಚು. ಅಭ್ಯಾಸದ ಬಯಲಲ್ಲಿ ಗಜ ಎಣಿಸಿಕೊಂಡು ಬಳಿಕ ಯಾವ ಕಬ್ಬಿಣವನ್ನು ಬಿಡಬೇಕೆಂದು ನಿರ್ಧರಿಸಬೇಕು. ದೇವನಹಳ್ಳಿಯಲ್ಲಿ ಎಣಿಸಿದ ಗಜ ಮಂಗಳೂರಿನಲ್ಲಿ ಸಲ್ಲದು. ಇಲ್ಲಿಯ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಗಾಳಿ ತೆಳುವಾದುದರಿಂದ ಚೆಂಡು ನಾಲ್ಕು ಹೆಜ್ಜೆ ಮುಂದೆಯೇ ಬೀಳುತ್ತದೆ.

ಹೈಬ್ರಿಡ್ಡಿಗೆ ದೋಷವಿಲ್ಲವೆಂದು ಹೇಳಲಾರೆ. ಬಿರುಸಾಗಿ ಬೀಸುವ ಬಲಗೈಯವರ ಚೆಂಡನ್ನು ಅದು ಎಡಕ್ಕೆ ಎಳೆದೊಯ್ಯುವುದುಂಟು. ಆಷಾಢದಲ್ಲಿ ನಂದಿಯ ಕಡೆಯ ಬಯಲಿನಲ್ಲಿ ಗಾಳಿ ಎದ್ದರೆ ಎತ್ತರಕ್ಕೆ ಹೋದ ಚೆಂಡು ಗಾಳಿಪಟದ ಪಾಡು ಪಡುತ್ತದೆ. ಅಂಥ ದಿನ ತಗ್ಗಾಗಿ ಸೀಳಿಕೊಂಡು ಹೋಗುವ ಉದ್ದ ಕಬ್ಬಿಣವೇ ಮೇಲು. ಬಲ್ಲವನ ಕೈಯಲ್ಲಿ, ಎಂಬ ಮಾತನ್ನು ಮಾತ್ರ ಸೇರಿಸಿಕೊಳ್ಳಬೇಕು.

ಆ ಬಲ್ಲವರು ಯಾರೆಂದು ನೋಡಿದರೆ ಕಥೆಗೆ ಒಂದು ವಿಚಿತ್ರ ತಿರುವುಂಟು. ಹೈಬ್ರಿಡ್ ಬಂದ ಮೇಲೆ ಯಜಮಾನರ ಚೀಲದಿಂದ ಎರಡು, ಮೂರನೆಯ ನಂಬರಿನ ಕಬ್ಬಿಣಗಳು ಹೊರಬಿದ್ದವು. ಕೊಳ್ಳುವವರಿಲ್ಲದ ಅಂಥವು ಕೆಲವು ಕ್ಯಾಡಿಗಳ ಕೈ ಸೇರಿದ್ದನ್ನು ನಾನು ಬಲ್ಲೆ. ಆಡಲು ಎಲ್ಲಕ್ಕಿಂತ ಕಷ್ಟವಾದ ದಾಂಡು ಎಲ್ಲಕ್ಕಿಂತ ಬಡ ಆಟಗಾರನ ಪಾಲಿಗೆ. ಅದರಲ್ಲಿಯೇ ಕಲಿತವನಿಗೆ ಉಳಿದ ದಾಂಡುಗಳು ಹೂವಿನ ಹಾಗೆ. ಚೀಲ ಹೊತ್ತ ಹುಡುಗರೇ ಆಟವನ್ನು ಗೆದ್ದುಕೊಂಡ ನಿದರ್ಶನಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನನ್ನು, ಕೊರಿಯದ ಆಟಗಾರನೊಬ್ಬನ ಎದುರು ಹೆಚ್ಚುವರಿ ಕುಳಿಯಲ್ಲಿ, ಗೆದ್ದರು. ಬಿಡದಿಯ ಈಗಲ್‌ಟನ್ ಮೈದಾನದ ಮಗ್ಗುಲ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ದೇಶದ ಅಗ್ರ ವೃತ್ತಿಪರರಲ್ಲೊಬ್ಬರಾದರು. ಹುಲ್ಲಿನಲ್ಲಿ ಹುದುಗಿದ ಚೆಂಡನ್ನು ಕಂಡೊಡನೆ ಯಾವ ದಾಂಡೆಂದು ಹೇಳಬಲ್ಲ ಕಣ್ಣು ಇಂಥ ಕಡೆ ಬೆಳೆಯುತ್ತದೆ. ಆ ಕಣ್ಣಿಗೆ ನಾವು ದಿನಗೂಲಿಯ ಬೆಲೆ ಕಟ್ಟಿದ್ದೇವೆ.

ಹೈಬ್ರಿಡ್ಡಿನ ಪರವಾಗಿ ನಮ್ಮ ನಾಡು ಕೊಟ್ಟ ದೊಡ್ಡ ಸಾಕ್ಷ್ಯ ಮಾತ್ರ ಒಬ್ಬ ಹೆಣ್ಣುಮಗಳದು. ಅದಿತಿ ಅಶೋಕ್ 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಹಿಂದೆ ಚಲ್ಲಘಟ್ಟದ ಕೆರೆಯಿದ್ದ ನೆಲದಲ್ಲಿ ಎದ್ದಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಐದಾರು ವರ್ಷದ ಮಗುವಾಗಿದ್ದಾಗ ದಾಂಡು ಹಿಡಿದರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ತಂದೆ ಅವರ ಚೀಲ ಹೊತ್ತರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿ ಹೊತ್ತರು. ಟೋಕಿಯೊಗೆ ಹೋಗುವ ಕೆಲವು ವಾರಗಳ ಹಿಂದೆ ಕೋವಿಡ್ ಬಂದು ಮೈಯ ಕಸುವನ್ನು ಹೀರಿತ್ತು. ಮೊದಲೇ ಅವರು ದೂರ ಹೊಡೆಯುವವರಲ್ಲ. ಅಲ್ಲಿ ಆಡಿದ 60 ಮಂದಿಯಲ್ಲಿ ದೂರದ ಲೆಕ್ಕ ಹಿಡಿದರೆ ಕೊನೆಯ ಸಾಲು. ಕೊನೆಯ ದಿನ ಜೊತೆಗೆ ಆಡಿದವರು ಅಮೆರಿಕದ ನೆಲ್ಲಿ ಕೋರ್ಡ ಮತ್ತು ನ್ಯೂಜಿಲೆಂಡಿನ ಲಿಡಿಯ ಕೋ. ಅವರ ಮೊದಲ ಹೊಡೆತ ಬಿದ್ದ ಜಾಗ ಈಕೆಯದಕ್ಕಿಂತ ಎಷ್ಟೋ ಮುಂದೆ. ಅಲ್ಲಿಂದ ಅವರು ಗಿಡ್ಡ ಕಬ್ಬಿಣ ತೆಗೆದರೆ ಸಾಕು. ಹಿಂದೆ ನಿಂತ ಈ ಹುಡುಗಿ ಅದೇ ಬಾವುಟಕ್ಕೆ ಹೈಬ್ರಿಡ್ಡನ್ನೋ ಫೇರ್‌ವೇಯ ಉದ್ದ ದಾಂಡನ್ನೋ ಹಿಡಿಯಬೇಕು. ಎಂಜಿನಿಯರು ಮುದುಕರದೆಂದ ದಾಂಡು 23 ವರ್ಷದ ಕೈಯಲ್ಲಿ. ಅಂಥ ದೂರದಿಂದ ಚೆಂಡನ್ನು ಇಳಿಸಿ, ಉಳಿದುದನ್ನು ಉರುಳು ಹೊಡೆತದ ನಿಖರತೆಯಿಂದ ತುಂಬಿಕೊಂಡು, ನಾಲ್ಕು ದಿನಗಳಲ್ಲಿ 67, 66, 68, 68. ಒಟ್ಟು 269.

ಕೋರ್ಡ 267ಕ್ಕೆ ಚಿನ್ನ ಪಡೆದಳು. ಕೋ ಮತ್ತು ಜಪಾನಿನ ಮೋನೆ ಇನಾಮಿ 268. ನಮ್ಮವರು ಒಂದೇ ಹೊಡೆತದಿಂದ ನಾಲ್ಕನೆಯವರು. ಹದಿನೆಂಟನೆಯ ಕುಳಿಯಲ್ಲಿ ಅವರ ಕೊನೆಯ ಆಸೆಯ ಚೆಂಡು ಉರುಳುರುಳಿ ಕುಳಿಗೆ ಬೀಳದೆ ಉಳಿಯಿತು.

ಅಂದು ಆಗಸ್ಟ್ 7, ಶನಿವಾರ. ಸಂಜೆ ನೀರಜ್ ಚೋಪ್ರಾ ಭರ್ಜಿಯಲ್ಲಿ ಚಿನ್ನ ಗೆದ್ದುದರಿಂದ ಮರುದಿನದ ಪತ್ರಿಕೆಗಳ ಮೊದಲ ಪುಟ ಅವರಿಗೆ ಮೀಸಲಾಯಿತು, ಅದು ನ್ಯಾಯವೇ. ಆದರೆ ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಗಾಲ್ಫ್ ಮೈದಾನವನ್ನು ಗೋಡೆಯ ಹೊರಗಿನಿಂದಲೂ ಕಾಣದ ಮಂದಿ ಕಾಫಿಯ ಲೋಟ ಹಿಡಿದು ಟಿ.ವಿ.ಯ ಮುಂದೆ ಕುಳಿತಿದ್ದರು. ಬರ್ಡಿ ಎಂದರೇನು, ಬೋಗಿ ಎಂದರೇನು ಎಂದು ನನಗೆ ಬಂದ ಫೋನುಗಳು ಆರು. ಏಳನೆಯದು ವಿಜಯಪುರದಿಂದ, ಹುಳು ಸಾಕುವ ಪರಿಚಿತರದು. ಅವರು ಕೇಳಿದ್ದು, ಆ ಹುಡುಗಿಯ ತಾಯಿ ಅಷ್ಟು ದೊಡ್ಡ ಚೀಲವನ್ನು ನಾಲ್ಕು ದಿನವೂ ತಾವೇ ಹೊತ್ತರೇ ಎಂದು.